ಇಬ್ಬರೇ ಇರುವ ಮನೆ, ಆರು ಕೆಜಿ ಟರ್ಕಿ ಕೋಳಿ: ಹೇಗೆ ಖರ್ಚು ಮಾಡೋದು?

ಜೀರಿಗೆಡಬ್ಬಿ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಮಿನೆಸೋಟಾದಲ್ಲಿ, ಮನೆಯಲ್ಲಿ ನಾವಿಬ್ಬರೇ. ಥ್ಯಾಂಕ್ಸ್‌ಗಿವಿಂಗ್ ಅಂತ ನಮ್ಮ ಯಜಮಾನರ ಆಫೀಸಿನಲ್ಲಿ ಒಂದು ಇಡೀ ಟರ್ಕಿ ಕೊಟ್ಟರು. 14 ಪೌಂಡ್, ಅಂದರೆ ಆರು ಕೆಜಿಗೂ ಮೇಲೆ. ಹಬ್ಬದ ದಿನ ಸ್ನೇಹಿತರ ಮನೆಯಲ್ಲಿ ಊಟ ಆಯಿತು, ಇದು ಹಾಗೇ ಉಳಿಯಿತು. ಫ್ರೀಜರ್ ತುಂಬಾ ಇದೇ. ಕಾಯಿತುರಿ ಡಬ್ಬಿಗೂ ಜಾಗ ಇಲ್ಲ. ಅದಕ್ಕೆ ಗುರುವಾರ ರಾತ್ರಿ ಕೆಳಗೆ ಫ್ರಿಜ್‌ಗೆ ಇಳಿಸಿದೆ. ಈಗ ಮೇಲೆಲ್ಲ ಮೆತ್ತಗಾಗಿದೆ, ಹೊಟ್ಟೆಯೊಳಗೆ ಕೈ ಹಾಕಿದರೆ ಇನ್ನೂ ಐಸ್.

ಹೋದ ವರ್ಷ ಇಡಿಯಾಗಿ ಓವನ್‌ಗೆ ಇಟ್ಟಿದ್ದೆ. ಎದೆ ಮಾಂಸ ಒಣಗಿ ಹತ್ತಿಯಂತಾಯಿತು, ತೊಡೆ ಸಂದಿಯಲ್ಲಿ ಇನ್ನೂ ಹಸಿ. ನಾಲ್ಕು ದಿನ ಅದನ್ನೇ ತಿಂದು, ಉಳಿದಿದ್ದನ್ನು ಎಸೆದೆವು. ಅಷ್ಟು ಮಾಂಸ ಕಸಕ್ಕೆ ಹಾಕುವಾಗ ಹೊಟ್ಟೆ ಉರಿಯಿತು. ಈ ಸಲ ಒಂದು ಚೂರೂ ಹಾಳಾಗಬಾರದು. ತುಂಡು ಮಾಡಿ ಮತ್ತೆ ಫ್ರೀಜರ್‌ಗೆ ಇಡೋಣ ಅಂದರೆ, ಒಮ್ಮೆ ಕರಗಿದ್ದನ್ನು ತಿರುಗಿ ಇಡಬಾರದು ಅಂತ ಅಮ್ಮ ಹೇಳುತ್ತಾರೆ. ನಿಜವಾ? ಇನ್ನೊಂದು, ಬಾಲ್ಕನಿಯಲ್ಲಿ ಒಳ್ಳೆ ಚಳಿ ಇದೆ. ನಾಳೆವರೆಗೆ ಅಲ್ಲಿ ಇಡಬಹುದಾ?

ಹೊಳೆದಂಡೆ

ಬಾಲ್ಕನಿ ಬೇಡವೇ ಬೇಡ. ಬಿಸಿಲು ಬಿದ್ದರೆ ಬೆಚ್ಚಗಾಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಅಳಿಲು, ರಕೂನ್ ಕಾಟ ಬೇರೆ. ಫ್ರಿಜ್‌ನಲ್ಲೇ ಇರಲಿ, ಅಡಿಯಲ್ಲಿ ಒಂದು ತಟ್ಟೆ ಇಡಿ. ರಕ್ತದ ನೀರು ತರಕಾರಿ ಮೇಲೆ ಸೋರಬಾರದು.

ಮಂಡ್ಯದಅಕ್ಕ

ಜೀರಿಗೆಡಬ್ಬಿ, ಗಾಬರಿ ಬೇಡ ಕಣಮ್ಮ. ನೀವು ಮಾಡಿದ್ದು ಸರಿಯಾಗೇ ಇದೆ. ನಾಲ್ಕೈದು ಪೌಂಡಿಗೆ ಒಂದು ದಿನ ಅಂತ ಲೆಕ್ಕ, 14 ಪೌಂಡಿಗೆ ಮೂರು ದಿನದ ಮೇಲೆ ಬೇಕೇ ಬೇಕು.

ಅಮ್ಮ ಹೇಳಿದ್ದು ಹೊರಗಿಟ್ಟು ಕರಗಿಸಿದ ಮಾಂಸಕ್ಕೆ ಸರಿ. ಫ್ರಿಜ್‌ನೊಳಗೇ ಕರಗಿದ್ದರೆ ಹಸಿಯಾಗಿಯೇ ಮತ್ತೆ ಫ್ರೀಜ್ ಮಾಡಬಹುದು, ಇಲ್ಲಿನ ಕೃಷಿ ಇಲಾಖೆ ಯುಎಸ್‌ಡಿಎ ಹೇಳುವುದೂ ಇದನ್ನೇ. ಸ್ವಲ್ಪ ನೀರು ಬಿಡುತ್ತದೆ, ಸಾರಿಗೆ ಅದು ಗೊತ್ತೂ ಆಗುವುದಿಲ್ಲ. ತಣ್ಣೀರಿನಲ್ಲಿ ಮುಳುಗಿಸಿ ಕರಗಿಸಿದ್ದರೆ ಮಾತ್ರ ಬೇಯಿಸಿದ ಮೇಲೇ ಫ್ರೀಜರ್‌ಗೆ ಹಾಕಬೇಕು. ಪೂರ್ತಿ ಕರಗಿದ ಮೇಲೆ ಫ್ರಿಜ್‌ನಲ್ಲಿ ಒಂದೆರಡು ದಿನಕ್ಕಿಂತ ಜಾಸ್ತಿ ಇಡಬೇಡಿ.

ಇಬ್ಬರಿಗೆ ಇಡೀ ಟರ್ಕಿ ಸುಡುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎದೆ 165 ಡಿಗ್ರಿ ಫ್ಯಾರನ್‌ಹೀಟ್‌ಗೆ ಬೆಂದರೆ ಸಾಕು. ತೊಡೆ ಮೆತ್ತಗಾಗಲು 175, 180 ಆದರೂ ಬೇಕು. ಎರಡನ್ನೂ ಒಂದೇ ಹೊತ್ತಿಗೆ ಹದಕ್ಕೆ ತರುವುದು ಕಷ್ಟ. ನಿಮಗೆ ಹೋದ ವರ್ಷ ಆಗಿದ್ದೂ ಇದೇ ಅಲ್ವಾ? ಹಸಿಯಲ್ಲೇ ತುಂಡು ಮಾಡಿಬಿಟ್ಟರೆ ಆಮೇಲೆ ಅದು ನಮ್ಮ ಕೋಳಿಯೇ.

ಮೊದಲು ಕಾಲು. ತೊಡೆ ಮತ್ತು ಮೈ ನಡುವಿನ ಚರ್ಮ ಸೀಳಿ, ಕಾಲನ್ನು ಹೊರಕ್ಕೆ ಬಗ್ಗಿಸಿ ಕೆಳಕ್ಕೆ ಒತ್ತಿ. ಕೀಲು ಟಕ್ ಅಂತ ಬಿಡುತ್ತದೆ, ಬಿಳಿ ಗುಂಡಿಯಂಥ ಮೂಳೆ ತುದಿ ಕಾಣುತ್ತದೆ. ಚಾಕು ಅದರ ಪಕ್ಕದಲ್ಲಿ ಹೋಗಬೇಕು. ಮೂಳೆ ಮೇಲೆ ಕುಯ್ಯಬೇಡಿ, ಕೈ ಜಾರುತ್ತದೆ. ರೆಕ್ಕೆಯೂ ಹೀಗೇ. ಆಮೇಲೆ ಎದೆಯ ನಟ್ಟನಡುವಿನ ಮೂಳೆಗೆ ಚಾಕು ತಾಗಿಸಿ, ಪಕ್ಕೆಲುಬಿಗೆ ಅಂಟಿಸಿಕೊಂಡೇ ನಿಧಾನವಾಗಿ ಬಿಡಿಸಿ. ಎದೆ ಅರ್ಧ ಐಸ್ ಇದ್ದರೆ ಇನ್ನೂ ಒಳ್ಳೆಯದು, ತುಂಡು ನೀಟಾಗಿ ಬರುತ್ತದೆ.

ಇಬ್ಬರ ಒಂದು ಹೊತ್ತಿಗೆ 400 ಗ್ರಾಂ ಅಂತ ಜಿಪ್ ಕವರಿಗೆ ಹಾಕಿ, ಗಾಳಿ ತೆಗೆದು, ಪುಸ್ತಕದಂತೆ ಚಪ್ಪಟೆ ಮಾಡಿ ಇಡಿ. ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ, ಕಾಯಿತುರಿಗೂ ಜಾಗ ಸಿಗುತ್ತದೆ. ಮೇಲೆ ತಾರೀಖು ಬರೆಯಿರಿ. ಹಸಿ ತುಂಡು ಒಂಬತ್ತು ತಿಂಗಳವರೆಗೂ ಚೆನ್ನಾಗಿರುತ್ತದೆ.

ತೊಡೆಯನ್ನು ನಾಟಿ ಕೋಳಿ ಅಂದುಕೊಂಡೇ ಮಾಡಿ. ಮಸಾಲೆ ಹುರಿದು, ಕುಕ್ಕರ್‌ನಲ್ಲಿ ಐದಾರು ಕೂಗು. ಮುದ್ದೆಗೆ ಅಂಥ ಸಾರು ಕೋಳಿಯಲ್ಲೂ ಬರುವುದಿಲ್ಲ. ಕೆಳಗಿನ ಕಾಲಿನಲ್ಲಿ ಕಡ್ಡಿಯಂಥ ಗಟ್ಟಿ ನರಗಳಿರುತ್ತವೆ. ಬೆಂದ ಮೇಲೆ ಒಂದೊಂದಾಗಿ ಎಳೆದು ತೆಗೆಯಿರಿ. ಎದೆಗೆ ಕುಕ್ಕರ್ ಬೇಡ. ಸಣ್ಣ ತುಂಡು ಮಾಡಿ ಮೊಸರಿನಲ್ಲಿ ನೆನೆಸಿ ಪೆಪ್ಪರ್ ಡ್ರೈ ಮಾಡಿ, ಇಲ್ಲವೇ ಖೈಮಾ.

ಲೇಬಲ್ ಓದಿ. ತುಂಬಾ ಟರ್ಕಿಗಳಿಗೆ ಉಪ್ಪುನೀರು ಮೊದಲೇ ಸೇರಿಸಿರುತ್ತಾರೆ. ಹಾಗಿದ್ದರೆ ಸಾರಿಗೆ ಉಪ್ಪು ಕೊನೆಯಲ್ಲಿ, ರುಚಿ ನೋಡಿಯೇ ಹಾಕಿ.

ಜೀರಿಗೆಡಬ್ಬಿ (ಸೋಮವಾರ)

ಅಕ್ಕಾ, ಕೋಟಿ ನಮಸ್ಕಾರ. ಲೇಬಲ್ ಮೇಲೆ ಉಪ್ಪುನೀರು ಅಂತ ಇದೆ, ನಾನು ನೋಡಿಯೇ ಇರಲಿಲ್ಲ. ಹೊಟ್ಟೆಯೊಳಗೆ ಒಂದು ಪೊಟ್ಟಣ ಐಸಿಗೆ ಅಂಟಿಕೊಂಡಿದೆ, ಎಳೆದರೆ ಬರುತ್ತಿಲ್ಲ. ಮತ್ತೆ, ಅರಿಶಿನ ಹಾಕಿ ತೊಳೆಯಬೇಕಲ್ವಾ?

ಮಂಡ್ಯದಅಕ್ಕ

ಎಳೆಯಬೇಡಿ. ಕಾಲು, ಎದೆ ತೆಗೆದ ಮೇಲೆ ಪಕ್ಕೆಲುಬನ್ನು ಕತ್ತರಿಯಿಂದ ಕತ್ತರಿಸಿ ಗೂಡು ತೆರೆಯಿರಿ, ತಾನಾಗೇ ಕೈಗೆ ಬರುತ್ತದೆ. ಈಲಿ, ಗುಂಡಿಗೆ ಎಲ್ಲ ಅದರಲ್ಲಿರುತ್ತವೆ. ಕತ್ತು ಸಾಮಾನ್ಯವಾಗಿ ಬೇರೆಯಾಗಿ ಸಿಕ್ಕಿಸಿರುತ್ತಾರೆ, ಹುಡುಕಿ. ಸಿಂಕ್‌ನಲ್ಲಿ ತೊಳೆಯುವುದು ಬೇಡ. ನಮ್ಮಲ್ಲಿ ರೂಢಿ ನಿಜ, ಆದರೆ ಇಷ್ಟು ದೊಡ್ಡದನ್ನು ನಲ್ಲಿ ಕೆಳಗೆ ಹಿಡಿದರೆ ನೀರು ಸುತ್ತಲಿನ ಪಾತ್ರೆಗಳಿಗೆಲ್ಲ ಸಿಡಿಯುತ್ತದೆ. ಪೇಪರ್ ಟವಲಿನಲ್ಲಿ ಒರೆಸಿ, ಅರಿಶಿನ ನೇರವಾಗಿ ತುಂಡಿಗೆ ಸವರಿ. ಗೂಡಿನ ಮೂಳೆ ಎಸೆಯಬೇಡಿ. ಈರುಳ್ಳಿ, ಶುಂಠಿ, ಮೆಣಸು ಹಾಕಿ ಸಣ್ಣ ಉರಿಯಲ್ಲಿ ಮೂರು ಗಂಟೆ ಕುದಿಸಿ ಸೋಸಿ. ಅಗಲ ಪಾತ್ರೆಗೆ ಸುರಿದು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಹೊಳೆದಂಡೆ

ಆ ನೀರಿನಲ್ಲಿ ಬಿರಿಯಾನಿ ಅಕ್ಕಿ ಬೇಯಿಸಿ ನೋಡಿ ಮೇಡಂ. ನಮ್ಮ ಮನೆಯಲ್ಲಿ ಮಕ್ಕಳು ಮಾಂಸ ಬಿಟ್ಟು ಅನ್ನವನ್ನೇ ಕೇಳುತ್ತಾರೆ.

ಜೀರಿಗೆಡಬ್ಬಿ (ಬುಧವಾರ)

ಆಯಿತು! ಹನ್ನೊಂದು ಕವರ್ ಫ್ರೀಜರ್‌ನಲ್ಲಿ ಸಾಲಾಗಿ ನಿಂತಿವೆ, ಮೂಳೆ ರಸ ಎರಡು ಡಬ್ಬಿ. ಕತ್ತು, ರೆಕ್ಕೆ ಹಾಕಿ ನಿನ್ನೆ ಸಾರು ಮಾಡಿದೆ, ಯಜಮಾನರು ಎರಡು ಮುದ್ದೆ ಉಂಡರು. ಎದೆಯದ್ದು ಒಂದಿಷ್ಟು ಖೈಮಾ ಉಂಡೆ ಮಾಡಿದೆ. ರುಚಿ ಚೆನ್ನಾಗಿತ್ತು, ಆದರೆ ಸ್ವಲ್ಪ ಗಟ್ಟಿ, ಸಾರಿನಲ್ಲಿ ಎರಡು ಒಡೆದವು.

ಮಂಡ್ಯದಅಕ್ಕ

ಎದೆಯಲ್ಲಿ ಕೊಬ್ಬಿಲ್ಲ, ಅದಕ್ಕೇ ಗಟ್ಟಿ. ಮುಂದಿನ ಸಲ ಮೂರು ಪಾಲು ಎದೆಗೆ ಒಂದು ಪಾಲು ತೊಡೆ ಮಾಂಸ ಸೇರಿಸಿ ಮಿಕ್ಸಿಗೆ ಹಾಕಿ. ಹುರಿಗಡಲೆ ಹಿಟ್ಟು ಎರಡು ಚಮಚ. ಉಂಡೆಗಳನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಸಾರು ಚೆನ್ನಾಗಿ ಕುದಿಯುವಾಗ ಒಂದೊಂದಾಗಿ ಬಿಡಿ. ಐದು ನಿಮಿಷ ಸೌಟು ಹಾಕಬೇಡಿ.