ಅಪ್‌ಡೇಟ್: ಬೈಬಲಿನ ಅರಾಮಿಕ್‌ನಲ್ಲಿ ‘ಇದು’, ‘ಅದು’

ಬೈಬಲಿನ ಕೆಲವು ಭಾಗಗಳ ಭಾಷೆಯಾದ ಅರಾಮಿಕ್‌ನಲ್ಲಿ ದರ್ಶಕ ಸರ್ವನಾಮವು (‘ಈ’, ‘ಆ’ ಎಂದು ತೋರಿಸುವ ಪದ) ನಾಮಪದದ ಹಿಂದೆ ಬರಬೇಕೇ ಮುಂದೆ ಬರಬೇಕೇ, ‘ದೇಖ್’ ಮತ್ತು ‘ದಿಕ್ಕೇನ್’ ಎರಡಕ್ಕೂ ‘ಆ’ ಎಂದೇ ಅರ್ಥವೇ ಎಂದು ನಾನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನೀವು ಸೂಚಿಸಿದಂತೆ ಮೂಲಪಾಠವನ್ನೇ ಓದಿದೆ.

ಸ್ಥಾನದ ಪ್ರಶ್ನೆಗೆ ಎಜ್ರನ ಗ್ರಂಥದ 5ನೆಯ ಅಧ್ಯಾಯವೊಂದೇ ಸಾಕು: 3ನೆಯ ವಚನದಲ್ಲಿ ‘ಬೈತಾ ದೆನಾ’ (ಈ ಮನೆ) ಎಂದು ಸರ್ವನಾಮ ನಾಮಪದದ ನಂತರ ಬಂದರೆ, ಮರುವಚನದಲ್ಲೇ ‘ದೆನಾ ಬಿನ್ಯಾನಾ’ (ಈ ಕಟ್ಟಡ) ಎಂದು ಮೊದಲು ಬರುತ್ತದೆ. ಎರಡು ಕಡೆಯೂ ನಾಮಪದ ‘ಆ’ಕಾರಾಂತವಾದ ನಿಶ್ಚಿತ ರೂಪದಲ್ಲಿಯೇ (ಇಂಗ್ಲಿಷಿನ ‘the’ ಸೇರಿದ ನಾಮಪದದಂತೆ) ಇದೆ, ನನ್ನ ದೃಷ್ಟಿಯಲ್ಲಿ ಗಮನಿಸಬೇಕಾದದ್ದು ಕ್ರಮಕ್ಕಿಂತ ಇದನ್ನೇ.

ದೂರವಾಚಿಗಳಲ್ಲಿ (ದೂರದ್ದನ್ನು ‘ಆ’ ಎಂದು ತೋರಿಸುವ ಪದಗಳಲ್ಲಿ) ಎಜ್ರನ ಗ್ರಂಥವು ಪುಲ್ಲಿಂಗಕ್ಕೆ ‘ದೇಖ್’, ಸ್ತ್ರೀಲಿಂಗಕ್ಕೆ ‘ದಾಖ್’ ಎಂದು ಭೇದ ಮಾಡುತ್ತದೆ. ಪರ್ಷಿಯದ ರಾಜ ಅರ್ತಷಸ್ತನಿಗೆ ಬರೆದ ದೂರಿನ ಪತ್ರದಲ್ಲಿ ಯೆರೂಸಲೇಮು ‘ಕಿರ್ಯೆತಾ ದಾಖ್’, ಅಂದರೆ ‘ಆ ಪಟ್ಟಣ’. ದಾನಿಯೇಲನ ಗ್ರಂಥದ ‘ದಿಕ್ಕೇನ್’ಗೆ ಈ ಭೇದವಿಲ್ಲ: 2:31ರಲ್ಲಿ ಪುಲ್ಲಿಂಗದ ಪ್ರತಿಮೆಗೂ 7:20ರಲ್ಲಿ ಸ್ತ್ರೀಲಿಂಗದ ಕೊಂಬಿಗೂ ಅದೇ ರೂಪ. ಹೀಗಾಗಿ ಅರ್ಥ ಒಂದೇ ಆದರೂ ಬಳಕೆ ಬೇರೆ. ಬಹುವಚನದ ‘ಇಲ್ಲೇನ್’ (ಇವು), ‘ಇಲ್ಲೇಖ್’ (ಅವು) ರೂಪಗಳಿಗೂ ಲಿಂಗಭೇದವಿಲ್ಲ.