ಸಹಾಯ ಬೇಕು: ಮನೆ ಮಾರೋ ಮುಂಚೆ ಕಿಟಕಿಗೆ ಏನು ಹಾಕಿಸಲಿ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಫ್ಲಾಟನ್ನು ದೀಪಾವಳಿ ಹೊತ್ತಿಗೆ ಮಾರಿ ಧಾರವಾಡಕ್ಕೆ ಹೋಗುವ ಯೋಚನೆ ಇದೆ. ತೊಂದರೆ ಕಿಟಕಿಗಳದ್ದು. ಹಳೇ ಮರದ ಚೌಕಟ್ಟು ಮಳೆಗಾಲದಲ್ಲಿ ಉಬ್ಬಿ ಮುಚ್ಚೋದೇ ಇಲ್ಲ. ಅಡುಗೆಮನೆ ಕಿಟಕಿಯ ಕೆಳಗಿನ ಪಟ್ಟಿಯಂತೂ ಬೆರಳಲ್ಲಿ ಒತ್ತಿದರೆ ನೆನೆದ ರಸ್ಕಿನ ಹಾಗೆ ಉದುರುತ್ತದೆ. ಮನೆ ನೋಡಲು ಬಂದವರೊಬ್ಬರು ಸೀದಾ ಅಲ್ಲೇ ಕೈ ಇಟ್ಟರು!

ಪೌಡರ್ ಕೋಟಿಂಗ್ ಇರುವ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಲಾ, ಯುಪಿವಿಸಿ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನದಾ? ಯುಪಿವಿಸಿಗೆ ತುಕ್ಕಿನ ಭಯವಿಲ್ಲ, ರಬ್ಬರ್ ಸೀಲ್ ಸರಿಯಾಗಿದ್ದರೆ ಲೋಕಲ್ ರೈಲಿನ ಸದ್ದೂ ಕಡಿಮೆ. ಆದರೆ ಒಳಗೆ ಉಕ್ಕಿನ ಪಟ್ಟಿ ಇಲ್ಲದ ಅಗ್ಗದ ಮಾಲು ಬಾಗುತ್ತದೆ. ಒಳ್ಳೆಯದಕ್ಕೆ ದುಡ್ಡು ಜಾಸ್ತಿ. ಬಿಟ್ಟು ಹೋಗೋ ಮನೆಗೆ ಸುಮ್ನೆ ಯಾಕೆ ಸುರೀಬೇಕು ಅಂತಾರೆ ನಮ್ಮ ಯಜಮಾನರು. ಅದೂ ಸರಿ ಅಲ್ವಾ?

ಈ ಕಡೆ ಇತ್ತೀಚೆಗೆ ಮನೆ ಮಾರಿದವರು ಇದ್ದೀರಾ? ಕಿಟಕಿ ಬದಲಿಸಿದ್ದಕ್ಕೆ ಬೆಲೆ ಸಿಕ್ಕಿತಾ, ಇಲ್ಲಾ ಕೊಳ್ಳುವವರು ಹೇಗೂ ಕಿತ್ತು ಹಾಕಿದರಾ? ಕೊಳೆತ ಎರಡನ್ನು ಮಾತ್ರ ಬದಲಿಸಿದರೆ ಸಾಕಾ?