399 ರೂಪಾಯಿ ಶರ್ಟ್ ಕೊಂಡರೆ ಅದರ ಪಾಪದಲ್ಲಿ ನನಗೂ ಪಾಲಿದೆಯಾ?

ನಾಗರಬಾವಿ ಸುಬ್ಬು:
ಮಗನಿಗೆ ಮಾಲ್‌ನಲ್ಲಿ 399ಕ್ಕೆ ಶರ್ಟ್ ತಗೊಂಡೆ. ವಿದೇಶಿ ಬ್ರಾಂಡ್. ಕತ್ತಿನ ಲೇಬಲ್ ನೋಡಿದರೆ ಮೇಡ್ ಇನ್ ಬಾಂಗ್ಲಾದೇಶ್. 2013ರ ರಾಣಾ ಪ್ಲಾಜಾ ನೆನಪಾಯಿತು. ಢಾಕಾ ಹತ್ತಿರ ಸಾವರ್‌ನಲ್ಲಿದ್ದ ಎಂಟು ಮಹಡಿ ಕಟ್ಟಡ. ಹಿಂದಿನ ದಿನವೇ ಬಿರುಕು ಕಂಡಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಗಾರ್ಮೆಂಟ್ಸ್‌ನವರನ್ನು ಮಾತ್ರ ಕೆಲಸಕ್ಕೆ ಕರೆಸಿದರು. ಕಟ್ಟಡ ಕುಸಿದು 1,134 ಜನ ಸತ್ತರು. ಅಗ್ಗ ಅಂತ ಕೊಳ್ಳುವ ನಮಗೂ ಇದರಲ್ಲಿ ಹೊಣೆ ಇದೆಯಾ? ಇಂಥ ಬ್ರಾಂಡ್ ಬಿಟ್ಟುಬಿಡಬೇಕಾ?

ಇಎಂಐ ರಾಜ:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸಾರ್. ಬಿಲ್ಡಿಂಗ್ ಕಟ್ಟಿದವನು ಬೇರೆ, ಲಾಭ ತಿಂದವನು ಬೇರೆ. ತಿಂಗಳ ಕೊನೆಗೆ ಜೇಬು ಖಾಲಿ ಇರುವವರು ಅಗ್ಗದ್ದು ಬಿಟ್ಟು ಏನು ಕೊಳ್ಳಬೇಕು?

ಕಾಲರ್ ಅಕ್ಕ:
ಸುಬ್ಬು ಅಣ್ಣ, ನಾನು ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ಬಾಂಗ್ಲಾದೇಶದವರೆಗೂ ಯಾಕೆ ಹೋಗುತ್ತೀರಿ? ಅಂಥ ಅಂಗಡಿಗಳಲ್ಲಿರುವ ಎಷ್ಟೋ ಬಟ್ಟೆ ನಿಮ್ಮ ಊರಲ್ಲೇ ಹೊಲಿದದ್ದು. ನೀವೆಲ್ಲ ಕೊಳ್ಳುವುದು ಬಿಟ್ಟರೆ ಆರ್ಡರ್ ಕಡಿಮೆಯಾಗುತ್ತದೆ, ಮೊದಲು ಮನೆಗೆ ಕಳಿಸುವುದು ಹೆಲ್ಪರ್ ಹುಡುಗಿಯರನ್ನು. ಆ ಉಪಕಾರ ನಮಗೆ ಬೇಡ.

ಹಾಗಂತ ನಿಮಗೆ ಹೊಣೆ ಇಲ್ಲ ಅಂತಲೂ ನಾನು ಹೇಳಲ್ಲ. ಬಯರ್, ಅಂದರೆ ನಮ್ಮಲ್ಲಿ ಹೊಲಿಸುವ ಬ್ರಾಂಡ್‌ನವರು, ಬರುವ ದಿನ ನೀವು ನೋಡಬೇಕು. ಬಾತ್‌ರೂಮಿಗೆ ಸೋಪು ಬರುತ್ತದೆ, ಮೂಗಿಗೆ ಮಾಸ್ಕ್ ಬರುತ್ತದೆ, ಸೂಪರ್‌ವೈಸರ್ ಬಾಯಲ್ಲಿ ‘ಬಾಮ್ಮ, ಹೋಗಮ್ಮ’ ಬರುತ್ತದೆ. ಅವರ ಕಾರು ಗೇಟು ದಾಟಿದ್ದೇ ತಡ, ಮತ್ತೆ ಅದೇ ಬೈಗುಳ, ಅದೇ ಗಂಟೆ ಲೆಕ್ಕದ ಟಾರ್ಗೆಟ್. ಓನರಿಗೆ ಭಯ ಇರುವುದು ಕೊಳ್ಳುವವರದ್ದು ಅಣ್ಣ, ನಮ್ಮದಲ್ಲ.

ಡಿ.ಎ., ಅಂದರೆ ಬೆಲೆ ಏರಿದಂತೆ ಸಂಬಳಕ್ಕೆ ಸೇರುವ ತುಟ್ಟಿಭತ್ಯೆ, ಅದರ ವಿಷಯವೇ ತಗೊಳ್ಳಿ. 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ ಜಾಸ್ತಿ ಕೊಡಬೇಕಿತ್ತು. ನಮ್ಮದೇ ರಾಜ್ಯದ ಕನಿಷ್ಠ ವೇತನದ ಭಾಗ, ಯಾರೂ ಭಿಕ್ಷೆ ಕೇಳಿದ್ದಲ್ಲ. ಕರ್ನಾಟಕದಲ್ಲಿ 4 ಲಕ್ಷಕ್ಕೂ ಜಾಸ್ತಿ ಗಾರ್ಮೆಂಟ್ಸ್ ಜನಕ್ಕೆ ಅದು ಸಿಗಲಿಲ್ಲ. ಹೈಕೋರ್ಟ್ ಕೊಡಿ ಅಂದ ಮೇಲೂ ಸಿಗಲಿಲ್ಲ. ಯೂನಿಯನ್‌ನವರು ಪಟ್ಟು ಬಿಡಲಿಲ್ಲ, ಸುದ್ದಿ ವಿದೇಶದ ಪೇಪರ್‌ನಲ್ಲಿ ಬಂತು, ಬ್ರಾಂಡ್‌ಗಳ ಮೇಲೆ ಒತ್ತಡ ಬಿತ್ತು. ಆಮೇಲೆ 2022ರ ಹೊತ್ತಿಗೆ ಬಹಳ ಕಡೆ ಬಾಕಿ ಕೈಗೆ ಬಂತು. ಲಂಡನ್ನಿನವರು ಓದಿದರು. ಇಲ್ಲಿಯವರು ಎಷ್ಟು ಜನ ಓದಿದ್ದೀರಿ?

ನಾಗರಬಾವಿ ಸುಬ್ಬು:
ಅಕ್ಕ, ನಾನೊಬ್ಬ ಕೇಳಿದರೆ ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ?

ಕಾಲರ್ ಅಕ್ಕ:
ಒಬ್ಬರೇ ಕೇಳಿ ಅಂತ ಯಾರು ಹೇಳಿದರು? 2016ರಲ್ಲಿ ಕೇಂದ್ರದವರು ಪಿ.ಎಫ್. ದುಡ್ಡಲ್ಲಿ ಕಂಪನಿ ಪಾಲನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಅಂದಾಗ, ಏಪ್ರಿಲ್‌ನಲ್ಲಿ ನಾವು ಹೊಸೂರು ರೋಡಿಗೆ, ತುಮಕೂರು ರೋಡಿಗೆ ಇಳಿದೆವು. ಲಾಠಿ ಏಟೂ ಬಿತ್ತು. ಎರಡನೇ ದಿನವೇ ಆ ರೂಲ್ಸ್ ವಾಪಸ್ ಹೋಯಿತು. ಲಾಭ ಇಎಂಐ ರಾಜ ಅವರಿಗೂ ಸಿಕ್ಕಿದೆ, ಅವರ ಪಿ.ಎಫ್.ಗೂ ಅದೇ ರೂಲ್ಸ್ ಅಲ್ವಾ!

ಕೆಲವು ದೊಡ್ಡ ಬ್ರಾಂಡ್‌ಗಳು ಯಾವ ಫ್ಯಾಕ್ಟರಿಯಲ್ಲಿ ಹೊಲಿಸುತ್ತೇವೆ ಅಂತ ವೆಬ್‌ಸೈಟ್‌ನಲ್ಲೇ ಹಾಕುತ್ತಾರೆ. ಬೆಂಗಳೂರು, ರಾಮನಗರ, ಮಂಡ್ಯ ಅಂತ ಹುಡುಕಿ. ಅಲ್ಲಿ ಈ ವರ್ಷದ ಡಿ.ಎ. ಕೊಟ್ಟಿದ್ದಾರಾ ಅಂತ ಕಸ್ಟಮರ್ ಕೇರ್‌ಗೆ ಬರೆಯಿರಿ. ನಿಮ್ಮ ಎಂಎಲ್‌ಎಗೂ ಒಂದು ಕಾಪಿ ಹಾಕಿ. ಶರ್ಟ್ ಮಗನಿಗೆ ಹಾಕಿಸಿ, ಅದರ ತಪ್ಪೇನಿಲ್ಲ.

ಇಎಂಐ ರಾಜ:
ಪಿ.ಎಫ್. ವಿಷಯ ಗೊತ್ತಿರಲಿಲ್ಲ ಅಕ್ಕ. ಆ ಲಿಸ್ಟ್ ಲಿಂಕ್ ಯಾರಾದರೂ ಹಾಕ್ತೀರಾ?